ಪ್ರೋಬಯೋಟಿಕ್ ಅಂದರೆ ಏನು? ಗ್ಯಾಸ್ ಮಾತ್ರೆಗೂ ಅದಕ್ಕೂ ಏನು ಸಂಬಂಧ?

ವರ್ಷಗಟ್ಟಲೆ ಎದೆಯುರಿಗೆ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ನಂಥ ಗ್ಯಾಸ್ ಮಾತ್ರೆ ನುಂಗುವವರಿಗೆ ಯಾರಾದರೂ ಒಬ್ಬರು ಹೇಳಿಯೇ ಇರ್ತಾರೆ, ಜೊತೆಗೊಂದು ಪ್ರೋಬಯೋಟಿಕ್ ತಗೊಳ್ಳಿ, ಹೊಟ್ಟೆಗೆ ಒಳ್ಳೆಯದು ಅಂತ. ಹೊಟ್ಟೆಯ ಯಾವ ತೊಂದರೆಗೆ ಒಳ್ಳೆಯದು ಅಂತ ಮಾತ್ರ ಯಾರೂ ಹೇಳಲ್ಲ.

2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಸೇರಿ ಕರೆಸಿದ ತಜ್ಞರು ಇದಕ್ಕೊಂದು ಅರ್ಥ ಕೊಟ್ಟರು: ಸಾಕಷ್ಟು ಪ್ರಮಾಣದಲ್ಲಿ ಕೊಟ್ಟಾಗ ಆರೋಗ್ಯಕ್ಕೆ ಉಪಯೋಗವಾಗುವ, ಜೀವ ಇರುವ ಸೂಕ್ಷ್ಮಜೀವಿಗಳು. ಜೀವ ಇರಬೇಕು, ಸಾಕಷ್ಟು ಇರಬೇಕು, ಉಪಯೋಗ ಆಗುತ್ತೆ ಅಂತ ಪರೀಕ್ಷೆಯಲ್ಲಿ ಕಾಣಬೇಕು. ಇಡ್ಲಿ ಹಿಟ್ಟು ಹುಳಿ ಬರೋದು ಬ್ಯಾಕ್ಟೀರಿಯಾದಿಂದಲೇ, ಆದರೆ ಹಬೆಯಲ್ಲಿ ಬೆಂದ ಮೇಲೆ ಅವು ಉಳಿಯಲ್ಲ. ಮನೆಯ ಮೊಸರಲ್ಲಿ ಜೀವಂತ ಬ್ಯಾಕ್ಟೀರಿಯಾ ಬೇಕಾದಷ್ಟಿವೆ. ಯಾವ ತಳಿ, ಎಷ್ಟು ಅನ್ನೋದು ಹೆಪ್ಪಿನಿಂದ ಹೆಪ್ಪಿಗೆ ಬೇರೆ, ಹಾಗಾಗಿ ಲೆಕ್ಕದ ಪ್ರಕಾರ ಅದು ಪ್ರೋಬಯೋಟಿಕ್ ಅನ್ನಿಸಿಕೊಳ್ಳಲ್ಲ. ಹಾಗಂತ ಮಜ್ಜಿಗೆ ಬಿಡಬೇಕಾಗಿಲ್ಲ, ಅದು ಒಳ್ಳೆಯ ಆಹಾರವೇ.

ಈಗ ಮಾತ್ರೆಯ ಕಡೆ ಬರೋಣ. ಜಠರದ ಆಮ್ಲ ಬರೀ ಊಟ ಕರಗಿಸೋಕೆ ಇರೋದಲ್ಲ. ಬಾಯಿಂದ ಇಳಿಯುವ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವನ್ನು ಅದು ಬಾಗಿಲಲ್ಲಿ ಕೂತ ಕಾವಲುಗಾರನ ಹಾಗೆ ತಡೆಯುತ್ತೆ. ಈ ಮಾತ್ರೆಗಳು ಆಮ್ಲ ಸುರಿಸುವ ಪಂಪ್‌ಗಳನ್ನೇ ನಿಲ್ಲಿಸುವುದರಿಂದ ಬಾಯಿಯಲ್ಲಿ ಇರಬೇಕಾದ ಸ್ಟ್ರೆಪ್ಟೊಕಾಕಸ್‌ನಂಥವು ಕರುಳಿನ ತನಕ ಬದುಕಿಕೊಂಡು ಹೋಗುತ್ತವೆ. ನೆದರ್‌ಲ್ಯಾಂಡ್ಸ್‌ನಲ್ಲಿ 1,815 ಜನರ ಮಲ ಪರೀಕ್ಷಿಸಿ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಮಾತ್ರೆ ತಗೊಳ್ಳುವವರಲ್ಲಿ ಬಾಯಿಯ ಬ್ಯಾಕ್ಟೀರಿಯಾ ಜಾಸ್ತಿ, ಒಟ್ಟು ವೈವಿಧ್ಯ ಕಡಿಮೆ ಅಂತ ಕಂಡಿತು. ಅದಕ್ಕೂ ಮೊದಲು, 2012ರಲ್ಲೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಸಿತ್ತು: ಕ್ಲಾಸ್ಟ್ರಿಡಿಯಮ್ ಡಿಫಿಸಿಲ್ ಅನ್ನೋ ಬ್ಯಾಕ್ಟೀರಿಯಾದಿಂದ ಬರುವ ಭೇದಿಗೂ ಈ ಮಾತ್ರೆಗಳಿಗೂ ನಂಟು ಇರಬಹುದು ಅಂತ.

ಹಾಗಾದರೆ ಹೋದ ಬ್ಯಾಕ್ಟೀರಿಯಾವನ್ನು ಕ್ಯಾಪ್ಸೂಲಿನಿಂದ ತುಂಬಿಸಬಹುದು ಅಲ್ವಾ? ಕೇಳೋಕೆ ಸರಿ ಅನ್ನಿಸುತ್ತೆ. ಆದರೆ ಮಾತ್ರೆ ಮುಂದುವರಿದಷ್ಟು ದಿನ ಆಮ್ಲ ಕಡಿಮೆಯೇ ಇರುತ್ತೆ, ಬಾಯಿಂದ ಬರುವವೂ ಬರುತ್ತಲೇ ಇರುತ್ತವೆ. ಕ್ಯಾಪ್ಸೂಲಿನಲ್ಲಿ ಹೋದವು ಸಾಮಾನ್ಯವಾಗಿ ಕರುಳಲ್ಲಿ ಬೇರೂರಲ್ಲ, ನಿಲ್ಲಿಸಿದ ಕೆಲವು ದಿನ ಅಥವಾ ವಾರಗಳಲ್ಲಿ ಹೊರಟುಹೋಗುತ್ತವೆ. ಅಮೆರಿಕದ ಜೀರ್ಣಾಂಗ ತಜ್ಞರ ಸಂಘ 2020ರ ಮಾರ್ಗಸೂಚಿಯಲ್ಲಿ ಹೊಟ್ಟೆಯ ಹೆಚ್ಚಿನ ತೊಂದರೆಗಳಿಗೆ ಪ್ರೋಬಯೋಟಿಕ್ ಕೊಡುವಷ್ಟು ಪುರಾವೆ ಇಲ್ಲ ಅಂದಿತು. ಕೆಲವು ಸಂದರ್ಭಗಳನ್ನು ಮಾತ್ರ ಬಿಟ್ಟಿತು, ಆಂಟಿಬಯೋಟಿಕ್ ತಗೊಳ್ಳುವಾಗ ಆ ಕ್ಲಾಸ್ಟ್ರಿಡಿಯಮ್ ತಡೆಯೋಕೆ ಕೆಲವು ತಳಿಗಳನ್ನು ಕೊಡುವುದು ಅದರಲ್ಲೊಂದು. ಅದೂ ಹೆಸರಿಸಿದ ತಳಿಗಳಿಗೆ ಮಾತ್ರ. ಪ್ರೋಬಯೋಟಿಕ್ ಅಂತ ಮಾರುವವುಗಳಲ್ಲಿ ಬ್ಯಾಸಿಲಸ್ ಕ್ಲಾಸಿ ಬ್ಯಾಕ್ಟೀರಿಯಾದ ಬೀಜಾಣು, ಸ್ಯಾಕರೊಮೈಸಿಸ್ ಬೌಲಾರ್ಡಿ ಒಂದು ಯೀಸ್ಟ್. ಎರಡನ್ನೂ ಒಂದೇ ಪದದಲ್ಲಿ ಮಾರಿದರೂ ಒಂದರ ಫಲಿತಾಂಶ ಇನ್ನೊಂದಕ್ಕೆ ಲಾಗೂ ಆಗಲ್ಲ.

ನನಗಂತೂ ಇಲ್ಲಿ ಕ್ಯಾಪ್ಸೂಲಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಅನ್ನಿಸುತ್ತೆ: ಗ್ಯಾಸ್ ಮಾತ್ರೆ ಈಗಲೂ ಬೇಕಾ? ಎದೆಯುರಿಗೆ ಸಾಮಾನ್ಯವಾಗಿ 4ರಿಂದ 8 ವಾರಕ್ಕೆ ಬರೆದುಕೊಡುವುದು, ನಮ್ಮಲ್ಲಿ ಚೀಟಿ ಹಳೆಯದಾದರೂ ಮಾತ್ರೆ ನಿಲ್ಲಲ್ಲ. ಹುಣ್ಣಿನಿಂದ ರಕ್ತಸ್ರಾವ ಆದವರು, ಆಮ್ಲದಿಂದ ಅನ್ನನಾಳಕ್ಕೆ ಜೋರು ಗಾಯ ಆದವರು, ಹುಣ್ಣಿನ ಅಪಾಯ ಇದ್ದೂ ಆಸ್ಪಿರಿನ್ ಬಿಡಲಾಗದವರು, ಇವರಿಗೆ ಅದು ಬೇಕೇ ಬೇಕು, ಹೆದರಿ ಬಿಡಬಾರದು. ಉಳಿದವರೂ ಏಕಾಏಕಿ ನಿಲ್ಲಿಸಬೇಡಿ. ಇಷ್ಟು ದಿನ ತಡೆದಿದ್ದ ಆಮ್ಲ ಕೆಲವು ವಾರ ಮೊದಲಿಗಿಂತ ಜಾಸ್ತಿ ಸುರಿದು, ಕಾಯಿಲೆ ಮರಳಿ ಬಂತು ಅಂದುಕೊಂಡು ಜನ ಮತ್ತೆ ಮಾತ್ರೆ ಹಿಡಿಯೋದು ಇಲ್ಲೇ. ವೈದ್ಯರನ್ನು ಕೇಳಿ ನಿಧಾನಕ್ಕೆ ಇಳಿಸಬಹುದು.

ದೀರ್ಘಕಾಲ ತಗೊಂಡವರಲ್ಲಿ ಬಿ12, ಮೆಗ್ನೀಸಿಯಂ ಕಡಿಮೆಯಾಗುವುದೂ ಉಂಟು, ಅದನ್ನು ಪ್ರೋಬಯೋಟಿಕ್ ಸರಿಮಾಡಲ್ಲ, ಅದಕ್ಕೆ ರಕ್ತ ಪರೀಕ್ಷೆ ಬೇಕು. ಕೀಮೋ ಆಗುತ್ತಿರುವವರು, ರೋಗನಿರೋಧಕ ಶಕ್ತಿ ತುಂಬಾ ಕಡಿಮೆ ಇರುವವರು ಈ ಕ್ಯಾಪ್ಸೂಲನ್ನೂ ಸುಮ್ನೆ ನುಂಗಬಾರದು, ಆ ಜೀವಾಣುಗಳೇ ಅಪರೂಪಕ್ಕೆ ರಕ್ತಕ್ಕೆ ಸೇರಿ ಸೋಂಕು ತಂದದ್ದಿದೆ.