ಕಾಲು ಗಂಟೆ ದೂರದ ಎರಡು ಊರಿಗೆ ಇಷ್ಟೊಂದು ಜಿದ್ದು ಯಾಕೆ?

ಓದುಗರ ಪ್ರಶ್ನೆ: ಅಭಿಮಾನಿಗಳು ಕುಣಿಯುತ್ತಿರುವಾಗಲೇ ಸ್ಟ್ಯಾಂಡ್ ಬಾಗಿ ಕುಸಿಯುವ ವಿಡಿಯೊ ಆಗಾಗ ಕಣ್ಣಿಗೆ ಬೀಳುತ್ತದೆ. ನೆದರ್ಲೆಂಡ್ಸ್‌ನ ಎನ್‌ಇಸಿ ಮತ್ತು ವಿಟೆಸ್ ನಡುವಿನ ಫುಟ್‌ಬಾಲ್ ಪಂದ್ಯವಂತೆ. ಅಕ್ಕಪಕ್ಕದ ಊರಿನ ತಂಡಗಳು, ಅಯಾಕ್ಸ್ ತರಹ ಕಪ್ ಮೇಲೆ ಕಪ್ ಗೆದ್ದವೂ ಅಲ್ಲ. ಹಾಗಿದ್ದರೂ ಇಷ್ಟು ಆವೇಶ ಯಾಕೆ?

ಆ ವಿಡಿಯೊ 2021ರ ಅಕ್ಟೋಬರ್ 17ರದ್ದು. ಎನ್‌ಇಸಿಯ ತವರಾದ ನೈಮೇಗನ್ ಊರಿನ ಗೊಫರ್ಟ್ ಸ್ಟೇಡಿಯಂಗೆ ಬಂದಿದ್ದ ವಿಟೆಸ್ ತಂಡ 1-0ರಿಂದ ಗೆದ್ದಿತ್ತು. ಪಂದ್ಯ ಮುಗಿದ ಮೇಲೆ ಆಟಗಾರರು ತಮ್ಮ ಅಭಿಮಾನಿಗಳ ಮುಂದೆ ಬಂದು ನಿಂತರು. ಅಭಿಮಾನಿಗಳು ಒಟ್ಟಿಗೆ ಎಗರಿ ಎಗರಿ ಕುಣಿದರು. ಕಾಲಡಿಯ ಕಾಂಕ್ರೀಟ್ ನಡುವೆ ಬಾಗಿ ಕೆಳಗೆ ಕೂತುಬಿಟ್ಟಿತು. ಅಡಿಯಲ್ಲಿ ಸರಕಿನ ಕಂಟೇನರ್ ಒಂದಿತ್ತು. ಕುಸಿದ ಭಾಗ ಅದರ ಮೇಲೆ ಬಂದು ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಆ ಕಂಟೇನರ್ ಅಲ್ಲಿ ಇರದಿದ್ದರೆ ಏನಾಗುತ್ತಿತ್ತು ಅಂತ ನೆನೆಸಿಕೊಂಡರೇ ಮೈ ಜುಮ್ ಅನ್ನುತ್ತದೆ.

ಅವತ್ತಿನ ಕುಣಿತಕ್ಕೆ ಕಾರಣ ಬರೀ ಒಂದು ಗೋಲಲ್ಲ. ಎನ್‌ಇಸಿ 2017ರಲ್ಲಿ ಮೇಲಿನ ಲೀಗ್‌ನಿಂದ ಕೆಳಕ್ಕೆ ಬಿದ್ದು, 2021ರಲ್ಲಷ್ಟೇ ವಾಪಸ್ ಬಂದಿತ್ತು. ನಾಲ್ಕು ವರ್ಷ ಲೀಗ್‌ನಲ್ಲಿ ಇಬ್ಬರೂ ಎದುರಾಗಿರಲೇ ಇಲ್ಲ. ತಡೆದಿಟ್ಟದ್ದೆಲ್ಲ ಒಂದೇ ಮಧ್ಯಾಹ್ನ ಹೊರಗೆ ಬಂತು.

ಈಗ ಊರುಗಳ ವಿಷಯಕ್ಕೆ ಬರೋಣ. ಎರಡೂ ಗೆಲ್ಡರ್‌ಲ್ಯಾಂಡ್ ಪ್ರಾಂತ್ಯದಲ್ಲಿವೆ. ವಾಲ್ ನದಿಯ ದಡದಲ್ಲಿ ನೈಮೇಗನ್, ರೈನ್ ದಡದಲ್ಲಿ ವಿಟೆಸ್‌ನ ಊರು ಆರ್ನೆಮ್. ರೈಲು ಹತ್ತಿದರೆ ಸುಮಾರು ಕಾಲು ಗಂಟೆ ದಾರಿ. ಈ ಊರಲ್ಲಿ ಮನೆ, ಆ ಊರಲ್ಲಿ ಕೆಲಸ ಅನ್ನುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಡರ್ಬಿ ದಿನ, ಅಂದರೆ ಈ ಅಕ್ಕಪಕ್ಕದ ಊರುಗಳ ಪಂದ್ಯದ ದಿನ, ಎದುರು ತಂಡದ ಅಭಿಮಾನಿ ಹೀಗೆ ಸುಮ್ನೆ ರೈಲು ಹತ್ತಿ ಹೋಗುವ ಹಾಗಿಲ್ಲ. ಟಿಕೆಟ್ ಜೊತೆಗೇ ಬಸ್ ಸೀಟು ಕೊಡುತ್ತಾರೆ. ಎಲ್ಲರೂ ಒಟ್ಟಿಗೆ ಆ ಬಸ್ಸಿನಲ್ಲೇ ಹೋಗಬೇಕು, ಆ ಬಸ್ಸಿನಲ್ಲೇ ವಾಪಸ್ ಬರಬೇಕು. ದಿನಾ ಓಡಾಡುವ ದಾರಿಗೆ ಅವತ್ತು ಪೊಲೀಸರ ಕಾವಲು.

ಜಿದ್ದಿನ ಬೇರು ಇರುವುದು ಊರಿನ ಸ್ವಭಾವದಲ್ಲಿ. ಆರ್ನೆಮ್ ಪ್ರಾಂತ್ಯದ ರಾಜಧಾನಿ, ಅಧಿಕಾರಿಗಳು ಮತ್ತು ಅನುಕೂಲಸ್ಥರ ಊರು ಅನ್ನುವ ಹೆಸರು ಅದಕ್ಕೆ ಹಿಂದಿನಿಂದಲೂ ಇದೆ. ನೈಮೇಗನ್ ರೋಮನ್ನರ ಕಾಲದಷ್ಟು ಹಳೆಯದು. ಕಾರ್ಮಿಕರು, ಕ್ಯಾಥೊಲಿಕರು ಜಾಸ್ತಿ ಇದ್ದ ಊರು. ಈಚೆಗೆ ವಿದ್ಯಾರ್ಥಿಗಳ, ಎಡಪಂಥದ ಊರು ಅಂತಲೂ ಹೆಸರಾಗಿದೆ. ಹಳೆಯ ಊರು ನಮ್ಮದು, ಅಧಿಕಾರ ಮಾತ್ರ ಅವರದು ಅನ್ನುವ ಸಂಕಟ ನೈಮೇಗನ್‌ನವರಿಗೆ ಇರದೇ ಇರುತ್ತದೆಯೇ?

ಕ್ಲಬ್‌ಗಳು ಹುಟ್ಟಿದ ರೀತಿಯೂ ಇದೇ ಕಥೆ ಹೇಳುತ್ತದೆ. 1892ರಲ್ಲಿ ವಿಟೆಸ್ ಕಟ್ಟಿದವರು ಆರ್ನೆಮ್‌ನ ಹೈಸ್ಕೂಲ್ ಹುಡುಗರು. ಅವರು ಮೊದಲು ಆಡುತ್ತಿದ್ದದ್ದು ಕ್ರಿಕೆಟ್! ಚಳಿಗಾಲಕ್ಕೆ ಅಂತ ಫುಟ್‌ಬಾಲ್ ಶುರುಮಾಡಿದರು. ಎನ್‌ಇಸಿಯ ಮೂಲ ಇರುವುದು 1900ರಲ್ಲಿ, ನೈಮೇಗನ್‌ನ ನದಿ ಪಕ್ಕದ ಕೆಳಪೇಟೆಯ ಬಡ ಹುಡುಗರು ಕಟ್ಟಿದ ತಂಡದಲ್ಲಿ. 1939ರಲ್ಲಿ ತೆರೆದ ಗೊಫರ್ಟ್ ಸ್ಟೇಡಿಯಂನ ನೆಲ ಅಗೆದವರೂ ಕೆಲಸ ಕಳೆದುಕೊಂಡಿದ್ದ ಕೂಲಿಗಳೇ. ಅದರ ಎದುರು ಆರ್ನೆಮ್‌ನ ಗೆಲ್ರೆಡೋಮ್ ನೋಡಿ. 1998ರಲ್ಲಿ ತೆರೆದ ಈ ಸ್ಟೇಡಿಯಂನ ಛಾವಣಿ ಮುಚ್ಚಬಹುದು. ಸಂಗೀತ ಕಾರ್ಯಕ್ರಮ ಇದ್ದರೆ ಹುಲ್ಲಿನ ಮೈದಾನವನ್ನೇ ಇಡಿಯಾಗಿ ಹೊರಕ್ಕೆ ಜಾರಿಸಬಹುದು. ಮೊದಲ ಪಂದ್ಯಕ್ಕೆ ಎದುರಾಳಿ ಯಾರು ಗೊತ್ತಾ? ಎನ್‌ಇಸಿಯೇ. ಹೊಸ ಮನೆಯನ್ನು ಮೊದಲು ತೋರಿಸಬೇಕಾದದ್ದು ಪಕ್ಕದ ಮನೆಯವರಿಗೇ ಅಲ್ವಾ?

ಕೆಲವರು ಎರಡನೇ ಮಹಾಯುದ್ಧವನ್ನೂ ಇದಕ್ಕೆ ಎಳೆಯುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. 1944ರ ಫೆಬ್ರವರಿ 22ರಂದು ಅಮೆರಿಕದ ವಿಮಾನಗಳು ಹಾಕಿದ ಬಾಂಬಿಗೆ ನೈಮೇಗನ್‌ನಲ್ಲಿ ಸುಮಾರು 800 ಜನ ಸತ್ತರು. ಅದೇ ಸೆಪ್ಟೆಂಬರ್‌ನಲ್ಲಿ ಮಿತ್ರಪಡೆಗಳಿಗೆ ನೈಮೇಗನ್ ಸೇತುವೆ ಸಿಕ್ಕಿತು, ಆರ್ನೆಮ್ ಸೇತುವೆ ಸಿಗಲಿಲ್ಲ. ಜರ್ಮನ್ನರು ಆರ್ನೆಮ್ ಜನರನ್ನೆಲ್ಲ ಊರು ಬಿಡಿಸಿದರು. ಎರಡೂ ಊರು ಸುಟ್ಟವು, ಎರಡೂ ಮತ್ತೆ ಎದ್ದವು. ಆ ನೋವು ಇಬ್ಬರದೂ ಹೌದು.

ಇನ್ನು ಕಪ್‌ಗಳ ಮಾತು. ನೀವು ಹೇಳಿದ್ದು ನಿಜ, ಇಬ್ಬರ ಕಪಾಟೂ ಹೆಚ್ಚುಕಡಿಮೆ ಖಾಲಿ. ನನ್ನ ಪ್ರಕಾರ ಆವೇಶ ಇಷ್ಟು ಏರುವುದು ಅದರಿಂದಲೇ. ಅಯಾಕ್ಸ್‌ಗೆ ಪ್ರತಿ ವರ್ಷ ಲೀಗ್ ಗೆಲ್ಲುವ ಕನಸಿರುತ್ತದೆ. ಇವರಿಗೆ ಗೆಲ್ಲಲೇಬೇಕಾದ ಪಂದ್ಯ ಅಂದರೆ ಪಕ್ಕದ ಊರಿನ ಎದುರಿನದು. ಎನ್‌ಇಸಿ 1973, 1983, 1994, 2000 ಮತ್ತು 2024ರಲ್ಲಿ ಡಚ್ ಕಪ್ ಫೈನಲ್ ತಲುಪಿತು. ಐದು ಸಲವೂ ಸೋತಿತು. ವಿಟೆಸ್ ಕೂಡ ಮೂರು ಫೈನಲ್ ಸೋತಿತ್ತು. ಕೊನೆಗೆ 2017ರಲ್ಲಿ, ಕ್ಲಬ್‌ಗೆ 125 ವರ್ಷ ತುಂಬುವ ಹೊತ್ತಿಗೆ, ರಿಕಿ ವಾನ್ ವೊಲ್ಫ್ಸ್‌ವಿಂಕಲ್ ಹೊಡೆದ ಎರಡು ಗೋಲಿನಿಂದ ಎಝಡ್ ತಂಡವನ್ನು ಸೋಲಿಸಿ ಕಪ್ ಎತ್ತಿತು. ಎನ್‌ಇಸಿ ಕೆಳಗಿನ ಲೀಗ್‌ಗೆ ಬಿದ್ದದ್ದೂ ಅದೇ ಋತುವಿನ ಕೊನೆಗೆ. ಒಂದೂರಲ್ಲಿ ಮೆರವಣಿಗೆ, ಪಕ್ಕದೂರಲ್ಲಿ ಕಣ್ಣೀರು. ಇಂಥದ್ದನ್ನು ಯಾವ ಅಭಿಮಾನಿಯೂ ಮರೆಯುವುದಿಲ್ಲ.

ಆಮೇಲೆ ಚಕ್ರ ತಿರುಗಿತು. ಮಾಲೀಕತ್ವ ಮತ್ತು ಹಣದ ಗೊಂದಲದಲ್ಲಿ ಸಿಕ್ಕಿಬಿದ್ದ ವಿಟೆಸ್‌ಗೆ 2024ರ ಏಪ್ರಿಲ್‌ನಲ್ಲಿ ಡಚ್ ಫುಟ್‌ಬಾಲ್ ಸಂಸ್ಥೆ 18 ಅಂಕ ಕಡಿತದ ಶಿಕ್ಷೆ ಕೊಟ್ಟಿತು. ಅಂಕ ಮೈನಸ್ 1ಕ್ಕೆ ಇಳಿಯಿತು. 1989ರಿಂದ ಮೇಲಿನ ಲೀಗ್‌ನಲ್ಲೇ ಇದ್ದ ತಂಡ ಕೆಳಗೆ ಬಿತ್ತು. 2025ರಲ್ಲಿ ವೃತ್ತಿಪರ ಲೀಗ್‌ನಲ್ಲಿ ಆಡುವ ಲೈಸೆನ್ಸೇ ಹೋಯಿತು. ಅದೇ ಸೆಪ್ಟೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಕ್ಲಬ್ ಪರ ನಿಂತಿತು, ವಿಟೆಸ್ ಎರಡನೇ ಹಂತದ ಲೀಗ್‌ಗೆ ಮರಳಿತು.

ಎದುರಾಳಿ ಮುಳುಗಿದರೆ ಎನ್‌ಇಸಿ ಅಭಿಮಾನಿಗೆ ಖುಷಿಯೇ ಇರಬಹುದು. ಆದರೆ ಡರ್ಬಿ ಇಲ್ಲದ ಋತು ಅವನಿಗೂ ಸಪ್ಪೆಯೇ. ಹೀಗೆ ಎದುರಿಗೆ ನಿಲ್ಲಲು ಅವನಿಗೆ ಇನ್ನೊಂದು ಊರಿಲ್ಲ. ಲೀಗ್‌ನಲ್ಲಿ ಇವರಿಬ್ಬರ ಪಂದ್ಯ ಮತ್ತೆ ನೋಡಬೇಕೆಂದರೆ ಇಬ್ಬರೂ ಒಂದೇ ಹಂತಕ್ಕೆ ಬರಬೇಕು. ಅಲ್ಲಿಯವರೆಗೆ ಕಪ್ ಟೂರ್ನಿಯ ಡ್ರಾದಲ್ಲಿ ಎರಡು ಹೆಸರೂ ಒಟ್ಟಿಗೆ ಬಂದರಷ್ಟೇ ಉಂಟು.