ಬಚ್ಚಲ ಒಲೆಗೆ ಹಾಲಿನ ಕವರ್ ಹಾಕಿದರೆ ಏನು ತೊಂದರೆ?

ಓದುಗರ ಪ್ರಶ್ನೆ: ಪಂಚಾಯತಿನ ಪರವಾಗಿ ಮನೆಮನೆಯಿಂದ ಪ್ಲಾಸ್ಟಿಕ್ ಕಸ ಒಯ್ಯುವ ಹರಿತ ಕರ್ಮಸೇನೆಯವರಿಗೆ ತಿಂಗಳಿಗೆ 50 ರೂಪಾಯಿ ಕೊಟ್ಟು, ಮೇಲಿಂದ ಪ್ಲಾಸ್ಟಿಕ್ ಕೂಡ ತೊಳೆದು ಕೊಡಬೇಕು. ಅದರ ಬದಲು ಬಚ್ಚಲ ಒಲೆಗೆ ಹಾಕಿದರೆ ನೀರೂ ಕಾಯುತ್ತದೆ, ಕಸವೂ ಮುಗಿಯುತ್ತದೆ. ಹೊಗೆ ಕೊಳವೆಯಲ್ಲಿ ಮೇಲೆ ಹೋಗುತ್ತದೆ. ತೊಂದರೆ ಏನು?

ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಈ ಪ್ರಶ್ನೆ ಒಮ್ಮೆ ಬದಿಯಡ್ಕದಿಂದ ಬಂದರೆ ಇನ್ನೊಮ್ಮೆ ಉಪ್ಪಳದಿಂದ ಬರುತ್ತದೆ. ಪರಿಸರ ನಿರ್ವಹಣೆಯ ಮೊದಲ ಪಾಠ ಶುರುವಾದರೆ ಸಾಕು, ತರಗತಿಯಲ್ಲೂ ಯಾರಾದರೂ ಕೈ ಎತ್ತುತ್ತಾರೆ. ಉತ್ತರ ಒಂದೇ: ಹಾಕಬೇಡಿ. ಆದರೆ "ಬೇಡಿ" ಅಂದರೆ ಯಾರೂ ಒಪ್ಪುವುದಿಲ್ಲ. ಹಾಗಾಗಿ ಈ ಸಲ ಬುಡದಿಂದಲೇ ಹೇಳುತ್ತೇನೆ.

"ಸುಟ್ಟರೆ ಮುಗಿಯಿತು" ಅನ್ನುವುದೇ ತಪ್ಪು. ಸುಟ್ಟದ್ದು ಮುಗಿಯುವುದಿಲ್ಲ, ರೂಪ ಬದಲಾಯಿಸುತ್ತದೆ. ಗಾಳಿಯ ಆಮ್ಲಜನಕ ಸೇರಿ ಅದರ ತೂಕ ಹೆಚ್ಚುತ್ತದೆ. ಒಂದು ಕಿಲೋ ಪಾಲಿಥಿನ್ (ಹಾಲಿನ ಕವರ್ ಇದರದ್ದೇ) ಪೂರ್ತಿ ಉರಿದರೆ ಮೂರು ಕಿಲೋಗಿಂತ ಜಾಸ್ತಿ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ.

ಇದು ಪೂರ್ತಿ ಉರಿದರೆ ಆಗುವ ಮಾತು. ಬಚ್ಚಲ ಒಲೆಯಲ್ಲಿ ಪೂರ್ತಿ ಉರಿಯುವುದೇ ಇಲ್ಲ. ಮಳೆಗಾಲದ ಹಸಿ ಕೊತ್ತಳಿಗೆ, ಕಿರಿದಾದ ಬಾಯಿ, ಮೇಲೆ ತಣ್ಣೀರು ತುಂಬಿದ ಹಂಡೆ. ಬೆಂಕಿಗೆ ಗಾಳಿಯೂ ಸಾಲದು, ಬಿಸಿಯೂ ಸಾಲದು. ಆಗ ಬರುವುದು ಕಾರ್ಬನ್ ಮೊನಾಕ್ಸೈಡ್, ಕಪ್ಪು ಮಸಿ, ಮಸಿಗೆ ಅಂಟಿಕೊಂಡ ಬೆಂಜೊಪೈರೀನ್‌ನಂಥ ಕ್ಯಾನ್ಸರ್ ತರುವ ವಸ್ತುಗಳು. ಅದನ್ನು ಮೊದಲು ಉಸಿರಾಡುವುದು ಒಲೆ ಮುಂದೆ ಕೂತು ಊದುವವರು. ಹೆಚ್ಚಿನ ಮನೆಗಳಲ್ಲಿ ಅದು ಯಾರು ಅಂತ ನಿಮಗೇ ಗೊತ್ತು.

ಇಷ್ಟು ಹೇಳಿದ ಮೇಲೆ "ಹಾಲಿನ ಕವರ್‌ನಲ್ಲಿ ಇಂಗಾಲ, ಜಲಜನಕ ಬಿಟ್ಟರೆ ಮತ್ತೇನೂ ಇಲ್ವಲ್ಲಾ" ಎಂದು ಓದಿಕೊಂಡವರು ವಾದಿಸುತ್ತಾರೆ. ಬರೀ ಕವರಿನ ಮಟ್ಟಿಗೆ ಸರಿ. ಆದರೆ ಒಲೆಗೆ ಬರೀ ಹಾಲಿನ ಕವರ್ ಹಾಕುವ ಮನೆ ನನಗೆ ಗೊತ್ತಿಲ್ಲ. ಅದರ ಹಿಂದೆಯೇ ರೆಕ್ಸಿನ್ ಚೀಲ, ಪೈಪಿನ ತುಂಡು, ಹಳೆ ವೈರ್ ಎಲ್ಲ ಹೋಗುತ್ತವೆ. ಇವು ಪಿವಿಸಿ ಅನ್ನುವ ಬೇರೆ ಜಾತಿಯ ಪ್ಲಾಸ್ಟಿಕ್. ಶುದ್ಧ ಪಿವಿಸಿಯ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ, ಸುಮಾರು ಶೇಕಡಾ 57, ಕ್ಲೋರಿನ್. ಸುಟ್ಟಾಗ ಅದು ಹೈಡ್ರೋಕ್ಲೋರಿಕ್ ಆಮ್ಲದ ಹೊಗೆಯಾಗುತ್ತದೆ. ಗಂಟಲು ಕೆರೆಯುವುದು ಅದಕ್ಕೇ. ಅದರ ಜೊತೆ ಡಯಾಕ್ಸಿನ್ ಹುಟ್ಟುತ್ತದೆ. ಅದು ಕ್ಲೋರಿನ್ ಸೇರಿ ಆಗುವ, ಕ್ಯಾನ್ಸರ್ ತರಬಲ್ಲ ವಿಷ.

ಈಗ ಆ ಹೊಗೆ ಕೊಳವೆಯ ವಿಷಯಕ್ಕೆ ಬರೋಣ. ಎಲ್ಲರೂ ಅದನ್ನೇ ನಂಬಿ ಕೂತಿದ್ದಾರೆ. ಡಯಾಕ್ಸಿನ್ ಜಾಸ್ತಿ ಹುಟ್ಟುವುದು ಜ್ವಾಲೆಯಲ್ಲಿ ಅಲ್ಲ, ಹೊಗೆ ತಣಿಯುವಾಗ, ಸುಮಾರು 200ರಿಂದ 450 ಡಿಗ್ರಿ ಸೆಲ್ಸಿಯಸ್ ನಡುವೆ. ಹೊಗೆ ನಿಧಾನಕ್ಕೆ ತಣಿಯುವ ಜಾಗ ಯಾವುದು? ಅದೇ ಕೊಳವೆ. ಮಸಿಯಲ್ಲಿ ಇಂಗಾಲ ಇದೆ, ಹೊಗೆಯಲ್ಲಿ ಕ್ಲೋರಿನ್ ಇದೆ. ವೈರಿನ ತಾಮ್ರವೂ ಸೇರಿದರೆ ಈ ಕ್ರಿಯೆ ಇನ್ನೂ ಚುರುಕಾಗುತ್ತದೆ. ನೀವು ರಕ್ಷಣೆ ಅಂದುಕೊಂಡದ್ದರ ಒಳಗೇ ವಿಷ ತಯಾರಾಗುತ್ತದೆ.

ಮೇಲೆ ಹೋದದ್ದು ಮೇಲೆಯೇ ಇರುವುದೂ ಇಲ್ಲ. ಮಸಿಯ ಜೊತೆ ಹುಲ್ಲಿನ ಮೇಲೆ, ತೋಟದ ಮೇಲೆ ಇಳಿಯುತ್ತದೆ. ಹಸು ಅದೇ ಹುಲ್ಲು ಮೇಯುತ್ತದೆ. ಡಯಾಕ್ಸಿನ್ ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕೂರುತ್ತದೆ. ಹಾಗಾಗಿ ಹಾಲಿಗೆ, ಬೆಣ್ಣೆಗೆ, ಮೀನಿಗೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಮನುಷ್ಯರ ಮೈಗೆ ಸೇರುವ ಡಯಾಕ್ಸಿನ್‌ನಲ್ಲಿ ಶೇಕಡಾ 90ಕ್ಕಿಂತ ಜಾಸ್ತಿ ಊಟದ ಮೂಲಕವೇ ಬರುವುದು. ಮೈಗೆ ಸೇರಿದ್ದು ಅರ್ಧಕ್ಕೆ ಇಳಿಯಲು 7ರಿಂದ 11 ವರ್ಷ ಬೇಕು. ಇನ್ನು ಒಲೆಯ ಬೂದಿ. ಅದನ್ನು ಬಸಳೆ ಬುಡಕ್ಕೆ ಹಾಕುತ್ತೀರಿ, ಬದನೆ ಎಲೆಗೆ ಹುಳ ಬಾರದಂತೆ ಎರಚುತ್ತೀರಿ. ಸೌದೆಯ ಬೂದಿಯಾದರೆ ಒಳ್ಳೆಯದೇ. ಪ್ಲಾಸ್ಟಿಕ್ ಸೇರಿದ ಬೂದಿಯಲ್ಲಿ ಬಣ್ಣದ, ವೈರಿನ ಸೀಸವೂ ಇರಬಹುದು.

ನಮ್ಮ ಜಿಲ್ಲೆಯವರಿಗೆ ಇದನ್ನು ಹೇಳಬೇಕಾಗಿ ಬರುವುದೇ ನನಗೆ ನೋವು. ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದು ಎರಡು ದಶಕಕ್ಕೂ ಹೆಚ್ಚು ಕಾಲ, 2000ದವರೆಗೆ. ಎಣ್ಮಕಜೆಯ ಪಡ್ರೆಯಲ್ಲಿ ಕಾಯಿಲೆ, ಅಂಗವೈಕಲ್ಯದಿಂದ ನರಳಿದ ಮಕ್ಕಳನ್ನು ಕಂಡವರು ನಾವು. ಬಹುಕಾಲ ಉಳಿಯುವ ವಿಷಗಳನ್ನು ತಡೆಯಲು ದೇಶಗಳು ಮಾಡಿಕೊಂಡ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಎಂಡೋಸಲ್ಫಾನ್ ಸೇರಿದ್ದು 2011ರಲ್ಲಿ. ಅದೇ ವರ್ಷ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲಿ ಅದನ್ನು ತಡೆಯಿತು. ಡಯಾಕ್ಸಿನ್ ಆ ಪಟ್ಟಿಯಲ್ಲಿ ಮೊದಲಿನಿಂದಲೂ, ಅಂದರೆ 2001ರಿಂದಲೂ ಇದೆ. ಒಂದನ್ನು ನಿಲ್ಲಿಸಲು ಇಷ್ಟು ವರ್ಷ ಹೋರಾಡಿದ ಊರಲ್ಲಿ ಇನ್ನೊಂದನ್ನು ಮನೆ ಹಿಂದೆ ನಾವೇ ಮಾಡಬಾರದು.

ಇನ್ನೊಂದು ಮಾತು. ಯಾರೂ ಸರಿಯಾಗಿ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಕರ್ಮಸೇನೆಯವರು ಒಯ್ದ ಪ್ಲಾಸ್ಟಿಕ್ ಎಲ್ಲಿಗೆ ಹೋಗುತ್ತದೆ? ಪಂಚಾಯತಿನ ಸಂಗ್ರಹ ಕೇಂದ್ರದಲ್ಲಿ ವಿಂಗಡಿಸುತ್ತಾರೆ. ಒಳ್ಳೆಯದು ಮರುಬಳಕೆಗೆ, ಸ್ವಲ್ಪ ಪುಡಿಯಾಗಿ ಟಾರು ರಸ್ತೆಗೆ, ಉಳಿದದ್ದರಲ್ಲಿ ಬಹಳಷ್ಟು ಸಿಮೆಂಟ್ ಕಾರ್ಖಾನೆಗೆ. ಹೌದು, ಅಲ್ಲಿ ಸುಡುತ್ತಾರೆ. ಹಾಗಾದರೆ ವ್ಯತ್ಯಾಸ ಏನು? ಕಸ ಸುಡುವ ಘಟಕದಲ್ಲಿ ಹೊಗೆ 850 ಡಿಗ್ರಿಗಿಂತ ಮೇಲೆ ಕನಿಷ್ಠ ಎರಡು ಸೆಕೆಂಡ್ ಇರಬೇಕು ಅನ್ನುವುದು ಸಾಮಾನ್ಯ ನಿಯಮ. ಸಿಮೆಂಟ್ ಕುಲುಮೆಯಲ್ಲಿ ಕಲ್ಲೇ 1450 ಡಿಗ್ರಿಗೆ ಕಾಯುತ್ತದೆ, ಜ್ವಾಲೆ ಅದಕ್ಕಿಂತಲೂ ಬಿಸಿ. ಒಳಗಿರುವ ಸುಣ್ಣ ಆಮ್ಲವನ್ನು ಹೀರುತ್ತದೆ. ಹೊರಗೆ ಹೋಗುವ ಮೊದಲು ಧೂಳು ಹಿಡಿಯುವ ಫಿಲ್ಟರ್ ಇದೆ. ಬಿಸಿ, ಸಮಯ, ಗಾಳಿ, ಶೋಧನೆ. ಮಾಲಿನ್ಯ ನಿಯಂತ್ರಣದಲ್ಲಿ ಸುಡುವ ಪಾಠ ಅಂದರೆ ಈ ನಾಲ್ಕೇ. ನಾಲ್ಕೂ ಇಲ್ಲದ ಬೆಂಕಿ ಹೇಗಿರುತ್ತದೆ ಎಂದು 2023ರ ಮಾರ್ಚ್‌ನಲ್ಲಿ ಕೊಚ್ಚಿಯ ಬ್ರಹ್ಮಪುರಂನ ಕಸದ ರಾಶಿಗೆ ಬೆಂಕಿ ಬಿದ್ದಾಗ ನೋಡಿದೆವಲ್ಲ. ಹತ್ತು ದಿನ ದಾಟಿದರೂ ಹೊಗೆ ನಿಲ್ಲಲಿಲ್ಲ.

ತೊಳೆದು ಕೊಡಿ ಅನ್ನುವುದಕ್ಕೂ ಕಾರಣ ಇದೆ. ಹಾಲಿನ ಪಸೆ ಇರುವ ಕವರ್ ಎರಡೇ ದಿನಕ್ಕೆ ನಾರುತ್ತದೆ, ಹುಳ ಬೀಳುತ್ತದೆ. ಅದನ್ನು ಕೈಯಲ್ಲಿ ವಿಂಗಡಿಸುವವರು ನಮ್ಮ ಊರಿನ ಹೆಂಗಸರೇ. ಕೊಳಕಾದದ್ದು ಮರುಬಳಕೆಗೂ ಹೋಗುವುದಿಲ್ಲ. ಒಲೆ ಹಿಡಿಸಲು ಗೆರಟೆ, ಒಣ ಸೋಗೆ, ಅಡಿಕೆ ಸಿಪ್ಪೆ ನಮ್ಮಲ್ಲಿ ಬೇಕಾದಷ್ಟಿದೆ. ತಾಮ್ರಕ್ಕಾಗಿ ಹಳೆ ವೈರ್ ಸುಡುವುದನ್ನಂತೂ ಇವತ್ತೇ ನಿಲ್ಲಿಸಿ. ಗುಜರಿಯವರು ಅದನ್ನು ಸಿಪ್ಪೆ ಸಮೇತ ತೆಗೆದುಕೊಳ್ಳುತ್ತಾರೆ.