ಕತ್ತಿ ಯಾಕೆ ಕೆಂಪಾಯಿತು?

ಪಾಲಕರ ಸಭೆ ಮುಗಿದ ಮೇಲೆ ಯಾರಾದರೂ ಒಬ್ಬರು ಬಾಗಿಲ ಹತ್ತಿರ ನಿಂತೇ ಇರುತ್ತಾರೆ. "ಅಕ್ಕೋರೇ, ಒಂದು ಮಾತು. ಸ್ವಲ್ಪ ಪ್ರಾಕ್ಟಿಕಲ್ ಆಗಿ ಕಲಿಸ್ರಲ್ಲ. ಬರೀ ಪುಸ್ತಕ ಓದಿ ಏನು ಬಂತು?" ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಲು ಹಿಡಿದು 22 ವರ್ಷ ಆಯಿತು. ಮೊದಲ 9 ವರ್ಷ ಕುಮಟಾ ಕಡೆ, ಆಮೇಲೆ ದೇವಿಮನೆ ಘಟ್ಟ ಹತ್ತಿ ಶಿರಸಿ ಕಡೆ. ಈ ಮಾತು ಕೇಳದ ವರ್ಷ ಒಂದೂ ಇಲ್ಲ. ಅವರು ಹೇಳುವುದು ಸರಿಯೇ, ಹಾಗಾಗಿ ತಲೆ ಆಡಿಸುತ್ತೇನೆ. ಅದೇ ಪಾಲಕರು ಮುಂದಿನ ವಾರ ವಿಜ್ಞಾನ ಪ್ರದರ್ಶನಕ್ಕೆ ಅಂತ ಮಗನ ಕೈಲಿ ಥರ್ಮಾಕೋಲ್ ಜ್ವಾಲಾಮುಖಿ ಕಳಿಸುತ್ತಾರೆ. ಆಗ ನನಗೆ ಸಿಟ್ಟು ಬರುತ್ತದೆ.

ಅದನ್ನು ಮಾಡಿದ್ದು ಮಗ ಅಲ್ಲ. ಅರ್ಧ ಅಪ್ಪ ಮಾಡಿದ್ದು, ಅರ್ಧ ಅಂಗಡಿಯಲ್ಲಿ ಸಿಕ್ಕಿದ್ದು. ಪಕ್ಕದಲ್ಲಿ ಅಂಟಿಸಿದ ವಿವರಣೆ ಝೆರಾಕ್ಸ್ ಅಂಗಡಿಯವನು ಪ್ರಿಂಟ್ ತೆಗೆದುಕೊಟ್ಟಿದ್ದು. ಮಗ ಮಾಡಿದ್ದು ಇಷ್ಟೇ: ಬೆಳಗಿನ ರಶ್ ಬಸ್ಸಿನಲ್ಲಿ ಅದನ್ನು ಮುರಿಯದ ಹಾಗೆ ತೊಡೆ ಮೇಲೆ ಇಟ್ಟುಕೊಂಡು ಬಂದಿದ್ದು. ಬೇಕಾದರೆ ಅದಕ್ಕೆ ಮಾರ್ಕ್ಸ್ ಕೊಡಬಹುದು, ಸುಲಭದ ಕೆಲಸ ಅಲ್ಲ ಅದು.

ನಮ್ಮಲ್ಲಿ ವಿಜ್ಞಾನ ಪ್ರದರ್ಶನ ಅಂದರೆ ಕನಿಷ್ಠ ಮೂರು ಜ್ವಾಲಾಮುಖಿ ಇರಬೇಕು. ಉತ್ತರ ಕನ್ನಡದಲ್ಲಿ ಜ್ವಾಲಾಮುಖಿ ಎಲ್ಲಿದೆ ಹೇಳಿ. 2024ರ ಜುಲೈನಲ್ಲಿ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮೇಲೆ ಬಿತ್ತು. ಜನ ಸತ್ತರು. ನಮ್ಮ ಮಕ್ಕಳು ವಾರಗಟ್ಟಲೆ ಅದನ್ನೇ ಮಾತಾಡಿದರು. ಆ ವರ್ಷದ ಪ್ರದರ್ಶನದಲ್ಲಿ, ಒಂದು ಹಲಗೆ ಮೇಲೆ ಮಣ್ಣು ಹಾಕಿ, ನೀರು ಹೊಯ್ದು, ಹಲಗೆ ಎಷ್ಟು ಎತ್ತಿದರೆ ಮಣ್ಣು ಜಾರುತ್ತದೆ ಅಂತ ನೋಡಿದ ಮಗು ಒಂದೂ ಇರಲಿಲ್ಲ. ಒಂದು ಹಲಗೆ, ಒಂದು ಬುಟ್ಟಿ ಮಣ್ಣು, ಒಂದು ಕೋನಮಾಪಕ. ಖರ್ಚು ಸೊನ್ನೆ. ಜ್ವಾಲಾಮುಖಿ ಮಾತ್ರ ಮೂರಿತ್ತು, ಒಂದರಲ್ಲಿ ಎಲ್‌ಇಡಿ ಬಲ್ಬ್ ಬೇರೆ.

ಶಾಲೆ ಬದಲಾಗಬೇಕಾ? ಬದಲಾಗಬೇಕು. ಇದನ್ನು ಹೇಳಿದವರಲ್ಲಿ ನಾವೇನೂ ಮೊದಲಿನವರಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕೈಕೆಲಸದ ಮೂಲಕವೇ ಪಾಠ ಆಗಲಿ ಅಂದರು. 1993ರಲ್ಲಿ ಯಶಪಾಲ್ ಸಮಿತಿ, ಮಕ್ಕಳು ಅರ್ಥ ಆಗದ್ದನ್ನು ಹೊರುತ್ತಿದ್ದಾರೆ ಅಂದಿತು. 2020ರ ಶಿಕ್ಷಣ ನೀತಿಯಲ್ಲಿ 6ರಿಂದ 8ನೇ ತರಗತಿಯವರಿಗೆ ಬ್ಯಾಗ್ ಇಲ್ಲದ 10 ದಿನ ಅಂತ ಇದೆ. ಆ ದಿನಗಳಲ್ಲಿ ಬಡಗಿ, ತೋಟಗಾರ, ಕುಂಬಾರ ಇಂಥವರ ಜೊತೆ ಕೆಲಸ ಕಲಿಯಬೇಕು ಅನ್ನುವುದು ಆಶಯ. ನಾನು ನೋಡಿದ ಕಡೆಯೆಲ್ಲ ಬ್ಯಾಗ್ ಇಲ್ಲದ ದಿನ ಅಂದರೆ ಚಿತ್ರ ಬಿಡಿಸುವುದು, ಕಬಡ್ಡಿ, ಮಧ್ಯಾಹ್ನದ ಮೇಲೆ ಸ್ವಚ್ಛತಾ ಜಾಥಾ. ತಪ್ಪೇನಿಲ್ಲ ಬಿಡಿ. ಕಬಡ್ಡಿಯೂ ಬೇಕು.

ಆದರೆ ಒಂದು ವಿಷಯ ಎಷ್ಟು ಹೇಳಿದರೂ ಯಾರ ತಲೆಗೂ ಹೋಗುತ್ತಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಕೈಯಿಂದ ಮಾಡಿದ ಮಾತ್ರಕ್ಕೆ ಮಗು ಕಲಿಯುವುದಿಲ್ಲ. ಮಾಡುವ ಮೊದಲು ಏನಾಗಬಹುದು ಅಂತ ಊಹಿಸಿರಬೇಕು. ಮಾಡಿದ ಮೇಲೆ ಆ ಊಹೆ ಯಾಕೆ ತಪ್ಪಾಯಿತು ಅಂತ ತಲೆ ಕೆಡಿಸಿಕೊಳ್ಳಬೇಕು.

ಇದು ನನಗೂ ಮೊದಲು ಗೊತ್ತಿರಲಿಲ್ಲ. ಕಲಿಸಿದ್ದು ಒಬ್ಬ ಹಿಂದಿನ ಬೆಂಚಿನ ಹುಡುಗ.

ಹತ್ತನೇ ತರಗತಿ ವಿಜ್ಞಾನದ ಮೊದಲ ಪಾಠ ರಾಸಾಯನಿಕ ಕ್ರಿಯೆಗಳು. ಅದರಲ್ಲಿ ಒಂದು ಪ್ರಯೋಗ ಇದೆ. ತಾಮ್ರದ ಸಲ್ಫೇಟಿನ ನೀಲಿ ದ್ರಾವಣದಲ್ಲಿ ಕಬ್ಬಿಣದ ಮೊಳೆ ಅದ್ದಿ ಇಡಬೇಕು. ಇಪ್ಪತ್ತು ನಿಮಿಷದಲ್ಲಿ ಮೊಳೆ ಕೆಂಪು ಕಂದು ಆಗುತ್ತದೆ, ನೀಲಿ ಮಸುಕಾಗುತ್ತದೆ. ಕಬ್ಬಿಣ ತಾಮ್ರವನ್ನು ಹೊರಗೆ ದಬ್ಬಿ ಅದರ ಜಾಗದಲ್ಲಿ ಕೂತಿತು, ಸ್ಥಾನಪಲ್ಲಟ ಕ್ರಿಯೆ, ಸಮೀಕರಣ ಬರೆದುಕೊಳ್ಳಿ. ವರ್ಷಾ ವರ್ಷಾ ಜೂನ್‌ನಲ್ಲಿ ನಾನು ಇದನ್ನು ಮಾಡಿ ತೋರಿಸುತ್ತಿದ್ದೆ. ಮಕ್ಕಳು "ಹೌದು ಅಕ್ಕೋರೇ" ಅಂತ ಬರೆದುಕೊಳ್ಳುತ್ತಿದ್ದರು.

ಘಟ್ಟದ ಮೇಲೆ ಬಂದ ಎರಡನೇ ವರ್ಷ ಇರಬೇಕು. ಒಬ್ಬ ಹುಡುಗ ಮೂರು ದಿನ ನಾಪತ್ತೆ. ಬಂದ ದಿನ ಎಲ್ಲರ ಎದುರು ಬೈದೆ. ಕಾರಣ ಕೇಳಿದರೆ, "ತೋಟಕ್ಕೆ ಔಷಧಿ ಹೊಡೆಯೋದಿತ್ತು, ಅಪ್ಪಂಗೆ ಜನ ಸಿಗ್ಲಿಲ್ಲ." ಕೂತ್ಕೋ ಅಂದೆ. ಪ್ರಯೋಗ ಶುರು ಮಾಡಿದೆ. ಮೊಳೆ ಕೆಂಪಾದ ಕೂಡಲೇ ಅವನು ಕೂತಲ್ಲಿಂದಲೇ, ನನಗಲ್ಲ, ಪಕ್ಕದವನಿಗೆ ಹೇಳಿದ: "ಹೋ, ಇದು ಕತ್ತಿ ಅದ್ದೋದಲ್ದನ!"

ನನಗೆ ಅರ್ಥ ಆಗಲಿಲ್ಲ. ನಾನು ಅಘನಾಶಿನಿ ದಂಡೆಯವಳು, ಅಡಕೆ ತೋಟದ ಸಂಗತಿ ಏನು ಗೊತ್ತು? ಕೇಳಿದೆ. ಆಮೇಲೆ ಇಡೀ ಕ್ಲಾಸು ನನಗೆ ಪಾಠ ಮಾಡಿತು.

ಮಳೆಗಾಲದಲ್ಲಿ ಅಡಕೆಗೆ ಕೊಳೆ ರೋಗ ಬರುತ್ತದೆ. ಅದಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸಬೇಕು. ಹೊಡೆಯುವ ಮೊದಲು ಉಜ್ಜಿದ ಕತ್ತಿಯನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ನೋಡುತ್ತಾರೆ. ಕತ್ತಿ ಕೆಂಪಾದರೆ ಸುಣ್ಣ ಕಮ್ಮಿ ಆಗಿದೆ, ಇನ್ನಷ್ಟು ಹಾಕು ಅಂತ ಅರ್ಥ. ಮೈಲುತುತ್ತ ಅಂದರೆ ನನ್ನ ತಾಮ್ರದ ಸಲ್ಫೇಟು. ಕತ್ತಿ ಅಂದರೆ ನನ್ನ ಮೊಳೆ. ನಾನು ಜೂನ್‌ನಲ್ಲಿ ಗಾಜಿನ ಲೋಟದಲ್ಲಿ ತೋರಿಸುತ್ತಿದ್ದ ಪ್ರಯೋಗವನ್ನು ಅದೇ ಜೂನ್‌ನಲ್ಲಿ ಇವರ ಮನೆಗಳಲ್ಲಿ ಡ್ರಮ್ಮಿನಲ್ಲಿ ಮಾಡುತ್ತಿದ್ದರು. ಅಲ್ಲಿಯ ತನಕ ಒಂದು ಮಗುವೂ ಎರಡನ್ನೂ ಒಟ್ಟಿಗೆ ಇಟ್ಟು ನೋಡಿರಲಿಲ್ಲ. ನಾನಂತೂ ಇಲ್ಲವೇ ಇಲ್ಲ.

"ಸರಿ, ಸುಣ್ಣ ಹಾಕಿದ್ರೆ ಕತ್ತಿ ಯಾಕೆ ಕೆಂಪಾಗಲ್ಲ?" ಅಂತ ಕೇಳಿದೆ. ಯಾರಿಗೂ ಗೊತ್ತಿಲ್ಲ. "ಅಪ್ಪ ಹೇಳಿದ್ದು" ಅಂದರು. ಇಲ್ಲಿ ಸ್ವಲ್ಪ ನಿಲ್ಲಿ. ತೋಟದಲ್ಲಿ ಕೆಲಸ ಮಾಡಿದ ಮಗುವಿಗೆ ಪ್ರಾಕ್ಟಿಕಲ್ ಬಂತು ಅಂತ ನಾವು ತಿಳಿಯುತ್ತೇವಲ್ಲ, ಆ ಮಗುವಿಗೆ ಬಂದಿದ್ದು ಅಪ್ಪನ ಮಾತು. ಸಮೀಕರಣ ಬರೆದ ಮಗುವಿಗೆ ಬಂದಿದ್ದು ನನ್ನ ಮಾತು. ಎರಡೂ ಬಾಯಿಪಾಠವೇ. ಒಂದಕ್ಕೆ ಮಣ್ಣು ಮೆತ್ತಿದೆ ಅಷ್ಟೆ.

ಮುಂದಿನ ವರ್ಷ ಬೇರೆ ಥರ ಮಾಡಿದೆ. ನಾಲ್ಕು ಲೋಟದಲ್ಲಿ ಒಂದೇ ಅಳತೆಯ ಮೈಲುತುತ್ತದ ನೀರು. ಒಂದಕ್ಕೆ ಸುಣ್ಣ ಇಲ್ಲ, ಒಂದಕ್ಕೆ ಸ್ವಲ್ಪ, ಒಂದಕ್ಕೆ ಅರ್ಧ, ಒಂದಕ್ಕೆ ಪೂರ್ತಿ. ಮೊಳೆ ಹಾಕುವ ಮೊದಲು, ಯಾವುದು ಹೆಚ್ಚು ಕೆಂಪಾಗುತ್ತದೆ ಅಂತ ಎಲ್ಲರೂ ಚೀಟಿಯಲ್ಲಿ ಬರೆದು ಹೆಸರು ಹಾಕಿ ಕೊಡಬೇಕು. ತೋಟದ ಮನೆಯ ಕೆಲವರು ಸರಿ ಬರೆದರು. ಆದರೆ ಹೆಚ್ಚಿನವರು ಬರೆದಿದ್ದು ಸುಣ್ಣ ಪೂರ್ತಿ ಹಾಕಿದ ಲೋಟ! ಯಾಕೆ ಅಂದರೆ, ಒಬ್ಬಳು ಎದ್ದು ನಿಂತು ಹೇಳಿದಳು, "ಕವಳ ಹಾಕಿದಾಗ ಸುಣ್ಣದಿಂದಲೇ ಬಾಯಿ ಕೆಂಪಾಗೋದಲ್ವಾ ಅಕ್ಕೋರೇ?" ಎಂಥಾ ಚಂದದ ತಪ್ಪು ನೋಡಿ. ಅಜ್ಜನ ಎಲೆ ಅಡಕೆ ಕವಳದ ಸಂಚಿಯಿಂದ ಬಂದ ಊಹೆ ಅದು. ಯಾವ ಗೈಡ್ ಪುಸ್ತಕದಲ್ಲಿ ಸಿಗುತ್ತದೆ ಇದು?

ಮೊಳೆ ಹಾಕಿದೆವು. ಸುಣ್ಣ ಇಲ್ಲದ್ದು ಕೆಂಪಾಯಿತು, ಪೂರ್ತಿ ಹಾಕಿದ್ದರಲ್ಲಿ ಮೊಳೆ ಹಾಗೇ ಇತ್ತು. ಆಗ ಕ್ಲಾಸು ಗಲಾಟೆ ಮಾಡಿತಲ್ಲ, ಆ ಗಲಾಟೆಗೇ ನಾನು ಸಂಬಳ ತೆಗೆದುಕೊಳ್ಳುವುದು. ಯಾಕೆ ಹೀಗಾಯಿತು ಅಂತ ಅವರೇ ಕೇಳಿದ ಮೇಲೆ ಹೇಳಿದೆ. ಸುಣ್ಣ ಸೇರಿದಾಗ ನೀರಲ್ಲಿ ಕರಗಿದ್ದ ತಾಮ್ರ ನೀಲಿ ಗಸಿಯಾಗಿ ಕಟ್ಟಿಕೊಳ್ಳುತ್ತದೆ, ಬಿಡಿಯಾಗಿ ಉಳಿಯುವುದಿಲ್ಲ. ಸುಣ್ಣ ಸಾಲದಿದ್ದರೆ ಬಿಡಿ ತಾಮ್ರ ಉಳಿದು ಕತ್ತಿ ಮೇಲೆ ಕೂರುತ್ತದೆ. ಅದೇ ದ್ರಾವಣ ಹೊಡೆದರೆ ಎಳೆಕಾಯಿ, ಎಲೆ ಸುಡುತ್ತದೆ. ಗಾಳಿಗೆ ಬಿಟ್ಟ ಹಳೇ ಸುಣ್ಣ ಇಂಗಾಲದ ಡೈಆಕ್ಸೈಡ್ ಹೀರಿ ಸತ್ವ ಕಳೆದುಕೊಂಡಿರುತ್ತದೆ, ಹಾಗಾಗಿ ತೂಕ ಸರಿಯಿದ್ದರೂ ಸಾಲದೇ ಹೋಗಬಹುದು. ಅದಕ್ಕೇ ಅಪ್ಪ ಕತ್ತಿ ಅದ್ದುವುದು.

ಹಾಗೇ ಒಂದು ಕತೆಯನ್ನೂ ಹೇಳಿದೆ, ಮಕ್ಕಳಿಗೆ ಭಾರಿ ಇಷ್ಟ ಅದು. ಫ್ರಾನ್ಸಿನ ಬೋರ್ಡೋ ಕಡೆ ದಾರಿಹೋಕರು ದ್ರಾಕ್ಷಿ ಕದಿಯಬಾರದು ಅಂತ ರಸ್ತೆ ಬದಿಯ ಬಳ್ಳಿಗಳಿಗೆ ಈ ನೀಲಿ ಚಿಮುಕಿಸುತ್ತಿದ್ದರಂತೆ. ಆ ಬಳ್ಳಿಗಳಿಗೆ ಮಾತ್ರ ರೋಗ ಬರಲಿಲ್ಲ ಅನ್ನುವುದನ್ನು 1880ರ ದಶಕದಲ್ಲಿ ಮಿಲಾರ್ಡೆ ಅನ್ನುವ ವಿಜ್ಞಾನಿ ಗಮನಿಸಿದ. ದ್ರಾಕ್ಷಿ ಕಳ್ಳರಿಂದ ನಮ್ಮ ಅಡಕೆ ಉಳಿಯಿತು ಅಂತ ಒಬ್ಬ ಷರಾ ಬರೆದ.

ಈಗ ಚೀಟಿ ವಿಷಯ. ಇದನ್ನೇ ಎಲ್ಲರೂ ಬಿಟ್ಟುಬಿಡುವುದು. "ಅದೆಂಥ ಚೀಟಿ, ಸುಮ್ನೆ ಟೈಮ್ ವೇಸ್ಟು, ನೇರ ಪ್ರಯೋಗ ಮಾಡಿಸಿ" ಅಂತ ನಮ್ಮ ಶಿಕ್ಷಕರೇ ಹೇಳುತ್ತಾರೆ. ಬರೆಸದೇ ಇದ್ದರೆ ಏನಾಗುತ್ತದೆ ಗೊತ್ತಾ? ಮೊಳೆ ಕೆಂಪಾದ ಮೇಲೆ ನಲವತ್ತು ಮಕ್ಕಳೂ "ನಂಗೆ ಗೊತ್ತಿತ್ತು" ಅನ್ನುತ್ತಾರೆ. ಸುಳ್ಳು ಹೇಳುತ್ತಿಲ್ಲ ಪಾಪ, ಅವರಿಗೆ ನಿಜವಾಗಿಯೂ ಹಾಗೇ ಅನ್ನಿಸುತ್ತದೆ. ಕೈಬರಹದಲ್ಲಿ ತಪ್ಪು ಕಣ್ಣೆದುರು ಇದ್ದರೆ ಮಾತ್ರ "ಅರೆ, ಯಾಕೆ?" ಅನ್ನುವುದು ಹುಟ್ಟುತ್ತದೆ. ಮೊದಲೇ ಉತ್ತರ ಹೇಳಿ ಆಮೇಲೆ ಮಾಡಿ ತೋರಿಸಿದರೆ ಅದು ಪ್ರಯೋಗ ಅಲ್ಲ, ಜಾದೂ. ಜಾದೂ ಮಜಾ ಇರುತ್ತದೆ. ಮನೆಗೆ ಹೋಗುವಷ್ಟರಲ್ಲಿ ಮರೆತುಹೋಗುತ್ತದೆ.

ಮಜಾ ಅಂದ ಮೇಲೆ ಸಾಣಿಕಟ್ಟಾ ನೆನಪಾಯಿತು. ಕುಮಟಾ ಕಡೆ ಇದ್ದಾಗ ಒಂದು ಸಲ ಮಕ್ಕಳನ್ನು ಗೋಕರ್ಣದ ಹತ್ತಿರದ ಸಾಣಿಕಟ್ಟಾ ಉಪ್ಪಿನಾಗರಕ್ಕೆ, ಅಂದರೆ ಉಪ್ಪು ತೆಗೆಯುವ ಗದ್ದೆಗೆ, ಕರೆದುಕೊಂಡು ಹೋಗಿದ್ದೆ. ಓಡಿದರು, ಉಪ್ಪಿನ ರಾಶಿ ಎದುರು ಫೋಟೋ ತೆಗೆಸಿಕೊಂಡರು, ಐಸ್‌ಕ್ರೀಮ್ ತಿಂದರು. ಮರುದಿನ ವರದಿ ಬರೆಸಿದರೆ ಎಲ್ಲರದೂ ಒಂದೇ: "ಪ್ರವಾಸ ತುಂಬಾ ಆನಂದದಾಯಕವಾಗಿತ್ತು." ಮುಂದಿನ ಸಲ ಪ್ರವಾಸ ಬೇಡ ಅಂದೆ. ಒಂದು ಬಾಟಲಿ ಉಪ್ಪುನೀರು ಸಾಕು. 1 ಲೀಟರ್ ಕಾಯಿಸಿದರೆ ಎಷ್ಟು ಉಪ್ಪು ಉಳಿಯುತ್ತದೆ? ಒಬ್ಬ ಒಂದು ಲೋಟ ಅಂದ, ಒಬ್ಬಳು ಒಂದು ಚಿಟಿಕೆ ಅಂದಳು. ಸಮುದ್ರದ ನೀರಾದರೆ ಸುಮಾರು 35 ಗ್ರಾಂ ಬರಬೇಕು. ನಮ್ಮ ಉಪ್ಪನ್ನು ಬಂಗಾರದ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದೆವು, ಅಂಗಡಿಯವರು ನಗುತ್ತಾ ತೂಗಿ ಕೊಟ್ಟರು, 21 ಗ್ರಾಂ. ಮಕ್ಕಳ ಮುಖ ಸಪ್ಪಗಾಯಿತು. ತಪ್ಪು ಮಾಡಿದೆವಾ? ಎರಡು ದಿನ ಅದೇ ಚರ್ಚೆ. ಕೊನೆಗೆ, ಅಮ್ಮನ ಜೊತೆ ಹೊಳೆಯಲ್ಲಿ ಚಿಪ್ಪಿಕಲ್ಲು ತೆಗೆಯಲು ಹೋಗುವ ಹುಡುಗಿ ಹೇಳಿದಳು: ನೀರು ತಂದಿದ್ದು ಸಮುದ್ರದಿಂದ ಅಲ್ಲ, ಹೊಳೆ ಸೇರುವ ಕಡೆಯಿಂದ. ಮಳೆಗಾಲ ಮುಗಿದು ಜಾಸ್ತಿ ದಿನ ಆಗಿರಲಿಲ್ಲ, ಹೊಳೆಯ ಸಿಹಿ ನೀರು ಇನ್ನೂ ಇಳಿಯುತ್ತಿತ್ತು. ಮಳೆ ನಿಂತ ಕೂಡಲೇ ಉಪ್ಪು ತೆಗೆಯಲು ಯಾಕೆ ಶುರು ಮಾಡುವುದಿಲ್ಲ ಅನ್ನುವುದೂ ಅದರ ಹಿಂದೆಯೇ ಬಂತು. ಐಸ್‌ಕ್ರೀಮಿನ ಖರ್ಚೂ ಉಳಿಯಿತು.

ಇಷ್ಟೆಲ್ಲ ಹೇಳಿದೆ ಅಂತ ಎಲ್ಲ ಪಾಠವನ್ನೂ ಹೀಗೇ ಮಾಡಿ ಅಂತ ನಾನು ಹೇಳುತ್ತಿಲ್ಲ. ಆಗುವುದೂ ಇಲ್ಲ. ನಲವತ್ತು ನಿಮಿಷದ ಪಿರಿಯಡ್ಡು, ನಲವತ್ತು ಮಕ್ಕಳು, ಮುಂದೆ ಎಸ್‌ಎಸ್‌ಎಲ್‌ಸಿ. ನನ್ನ ಕೈಲಿ ಆಗುವುದು ವರ್ಷಕ್ಕೆ ಐದಾರು. ಮೈಲುತುತ್ತ ವಿಷ, ಅದನ್ನು ನಾನೇ ಮುಟ್ಟುತ್ತೇನೆ, ಮಕ್ಕಳಿಗೆ ಕೊಡುವುದಿಲ್ಲ. ಪ್ರಾಥಮಿಕ ಶಾಲೆಯ ಬಗ್ಗೆ ನಾನು ಮಾತಾಡುವುದಿಲ್ಲ, ಅದು ಬೇರೆಯದೇ ವಿದ್ಯೆ. ಇನ್ನು ವರ್ಗ ಸಮೀಕರಣ ಜೀವನದಲ್ಲಿ ಎಲ್ಲಿ ಉಪಯೋಗಕ್ಕೆ ಬರುತ್ತದೆ ಅಂತ ಕೇಳುವವರ ಹತ್ತಿರ ನನಗೆ ಜಗಳ ಇದೆ. ಎಲ್ಲದಕ್ಕೂ ಅಂಗಡಿ ಲೆಕ್ಕ ಹುಡುಕಬೇಡಿ. ಕೆಲವನ್ನು ಚಂದ ಇದೆ ಅಂತಲೇ ಕಲಿಯಬಹುದು. ಯಕ್ಷಗಾನ ನೋಡುವಾಗ ಯಾರಾದರೂ ಉಪಯೋಗ ಕೇಳುತ್ತಾರಾ?

ಆಂತರಿಕ ಮೌಲ್ಯಮಾಪನಕ್ಕೆ 20 ಅಂಕ ಇದೆಯಲ್ಲ, ಅದಕ್ಕೆ ನಾನೀಗ ಚಾರ್ಟು ಮಾಡೆಲ್ ತೆಗೆದುಕೊಳ್ಳುವುದನ್ನು ಆದಷ್ಟು ಕಮ್ಮಿ ಮಾಡಿದ್ದೇನೆ. ಒಂದು ಹಾಳೆ ಸಾಕು. ಮೇಲೆ ಊಹೆ, ಮಧ್ಯ ಅಳತೆ, ಕೆಳಗೆ "ಊಹೆ ತಪ್ಪಾಗಿದ್ದು ಯಾಕೆ". ಊಹೆ ಸರಿಯಾದವರಿಗೆ ಮೂರನೆಯದು ಬರೆಯಲು ಕಷ್ಟ, ಅವರು ಪಾಪ ಬೇರೆ ಪ್ರಯೋಗ ಹುಡುಕಬೇಕು.

ಹೋದ ಮಳೆಗಾಲದಲ್ಲಿ ಒಬ್ಬ ಅಪ್ಪ ಶಾಲೆಗೆ ಬಂದರು. ಪಂಚೆ ಮೇಲೆಲ್ಲ ನೀಲಿ ಕಲೆ, ತೋಟದಿಂದ ಸೀದಾ ಬಂದ ಹಾಗಿತ್ತು. ಮಗಳು ಮನೆಯಲ್ಲಿ ಜಗಳ ತೆಗೆದಿದ್ದಾಳಂತೆ, ಕತ್ತಿಯ ಜೊತೆ, ಆಮ್ಲ ಇದೆಯಾ ಅಂತ ತೋರಿಸುವ ಲಿಟ್ಮಸ್ ಕಾಗದವೂ ಅದ್ದಿ ನೋಡಬೇಕು ಅಂತ. ದೂರು ಹೇಳಲು ಬಂದಿದ್ದಾರೆ ಅಂದುಕೊಂಡೆ. ಅವರು ದನಿ ಇಳಿಸಿ, "ಅಕ್ಕೋರೇ, ಆ ನೀಲಿ ಕಾಗದ ನಾಲ್ಕು ಕೊಡ್ರಲ್ಲ. ಈ ಸಲದ ಸುಣ್ಣದ ಮೇಲೆ ನಂಗೂ ಸಂಶಯ" ಅಂದರು. ಕೊಟ್ಟೆ. ಕೆಂಪಾದರೆ ಏನು ಅರ್ಥ ಅಂತ ಹೇಳಲು ಬಾಯಿ ತೆರೆದೆ. "ಬೇಡ ಬೇಡ, ನೀವು ಹೇಳಬಾರದಂತೆ, ನಾನು ಮೊದಲು ಊಹೆ ಬರೀಬೇಕಂತೆ" ಅಂತ ಕಾಗದವನ್ನು ಕಿಸೆಗೆ ಹಾಕಿಕೊಂಡರು. ಗೇಟಿನ ತನಕ ಹೋದವರು ತಿರುಗಿ ಬಂದು ಕೇಳಿದರು, "ಮತ್ತೆ ಪ್ರದರ್ಶನಕ್ಕೆ ಥರ್ಮಾಕೋಲ್ ಯಾವಾಗ ತರಬೇಕು?"